ಸರದಿ ಅವರದಿತ್ತು

ಅವರ ಬಲಗೈ ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಯಾವಾಗಲೂ ಕೆಂಪು ಇರುತ್ತಿತ್ತು. ಹಲ್ಲಿನ ಡಾಕ್ಟರ ಕೈಯಲ್ಲಿ ಕೆಂಪು ಕಂಡರೆ ರೋಗಿ ಏನೆಂದುಕೊಳ್ಳಬೇಕು? ಕುರ್ಚಿಯಲ್ಲಿ ಒರಗಿ ಬಾಯಿ ತೆರೆದವರು, ಡಾಕ್ಟರು ಕೈಗವಸು ಏರಿಸಿಕೊಳ್ಳುವ ಮೊದಲು ಆ ಬೆರಳನ್ನು ಕಂಡು ತಟ್ಟನೆ ಬಾಯಿ ಮುಚ್ಚುತ್ತಿದ್ದರು. "ರಕ್ತ ಅಲ್ಲ, ಬಣ್ಣ. ಬಾಯಿ ತೆಗೀರಿ," ಎಂದು ಗದರುವುದು ಅವರ ಅಭ್ಯಾಸ. ಬಣ್ಣ ಯಾಕೆ, ಏನು ಎಂದು ವಿವರಿಸುವ ತಾಳ್ಮೆ ಅವರಿಗೆ ಇರಲಿಲ್ಲ. ತಾಳ್ಮೆ ಎಂಬುದನ್ನು ಅವರು ಹಲ್ಲಿಗೆ ಮತ್ತು ಯುದ್ಧಕ್ಕೆ ಮೀಸಲಿಟ್ಟಿದ್ದರು, ಮನುಷ್ಯರಿಗೆ ಅಲ್ಲ.

ನಾನು ಸಿದ್ದಾಪುರದ ಒಂದು ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳುವವಳು. ಬುದ್ಧಿಹಲ್ಲಿನ ನೋವು ತಡೆಯಲಾರದೆ ಬಸ್ಸು ಹತ್ತಿ ಶಿರಸಿಗೆ ಹೋಗಿ ಅವರ ಕುರ್ಚಿಯಲ್ಲಿ ಕೂತೆ. ಇಂಜೆಕ್ಷನ್ ಕೊಟ್ಟು ಅರ್ಧ ಮುಖ ಮರಗಟ್ಟಲಿ ಎಂದು ಬಿಟ್ಟು ಹೋಗಿದ್ದರು. ಒಳಕೋಣೆಯ ಬಾಗಿಲು ತೆರೆದಿತ್ತು. ಅಲ್ಲಿ ದೊಡ್ಡ ಹಲಗೆಯ ಮೇಜು, ಅದರ ಮೇಲೆ ಒಂದು ಇಡೀ ಊರು. ಪ್ಲಾಸ್ಟರಿನ ಗುಡ್ಡ, ಹಲ್ಲುಜ್ಜುವ ಬ್ರಶ್ಶಿನ ಎಳೆ ಕತ್ತರಿಸಿ ಹೊದಿಸಿದ ಹುಲ್ಲಿನ ಮಾಡು, ಮೂರು ಕಡೆ ಕಲ್ಲಿನ ದೀಪಸ್ತಂಭ. ನಡುವೆ ಹೆಬ್ಬೆರಳುದ್ದದ ಜನ. ಕತ್ತಿ ಹಿರಿದ ಸಮುರಾಯಿಗಳು, ಈಟಿ ಹಿಡಿದ ರೈತರು, ಸೆರಗಿನಡಿ ಬಾಲ ಇಣುಕುತ್ತಿರುವ ನರಿ ಹೆಂಗಸು, ಉದ್ದ ಮೂಗಿನ ಹಕ್ಕಿಮನುಷ್ಯ. ಎಲ್ಲರಿಗಿಂತ ಎತ್ತರಕ್ಕೆ, ಇನ್ನೂ ಒಣಗದ ಕೆಂಪು ಮುಖದ, ಎರಡು ಕೋಡಿನ ರಾಕ್ಷಸ. ಅವನನ್ನು ಜಪಾನಿನಲ್ಲಿ ಓನಿ ಎನ್ನುತ್ತಾರೆಂದು ಆಮೇಲೆ ತಿಳಿಯಿತು.

"ಇದೆಂತ ಡಾಕ್ಟ್ರೇ?" ಎಂದು ಅವರು ವಾಪಸ್ ಬಂದಾಗ ಜೊಲ್ಲು ಸುರಿಸಿಕೊಂಡು ಕೇಳಿದೆ.

"ಯುದ್ಧ," ಎಂದರು. "ಭಾನುವಾರ ಬಾವು ಇಳಿದಿದ್ರೆ ಬಾ. ಕಲಿಸ್ತೆ."

ಊರಿನವರು ಇದನ್ನು ಗೊಂಬೆಯಾಟ ಎನ್ನುತ್ತಿದ್ದರು. ಐವತ್ತು ದಾಟಿದ ಹೆಂಗಸು, ಮದುವೆ ಮಕ್ಕಳು ಇಲ್ಲ, ಪಾಪ, ಗೊಂಬೆ ಆಡಿಕೊಂಡು ದಿನ ಕಳೀತದೆ. ಆ 'ಪಾಪ' ಎಂಬ ಶಬ್ದ ಕೇಳಿದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಇದನ್ನು ಹೇಳುವ ಗಂಡಸರು ಭಾನುವಾರ ಮಧ್ಯಾಹ್ನ ಚಾಪೆ ಹಾಸಿ ಇಸ್ಪೀಟು ಕಲೆಸಲು ಕೂತರೆ ಸಂಜೆ ದೀಪ ಹಚ್ಚುವವರೆಗೆ ಏಳುವವರಲ್ಲ. ಅವರನ್ನು ಯಾರೂ ಪಾಪ ಅನ್ನುವುದಿಲ್ಲ. ಅವರಿಗೆ ಚಹಾ ಹೋಗುತ್ತದೆ.

ಹಳೆಯ ಜಪಾನಿನ ಕಾಳಗ ಮತ್ತು ಅಲ್ಲಿನ ಅಜ್ಜಿಕಥೆಗಳ ಭೂತಪ್ರೇತ, ಎರಡನ್ನೂ ಬೆರೆಸಿ ಹೊರದೇಶದಲ್ಲಿ ಯಾರೋ ಮಾಡಿದ ಆಟ ಅದು. ಡಾಕ್ಟರ ಜೊತೆ ಓದಿದ ಗೆಳತಿಯೊಬ್ಬರು ನಿಯಮದ ಪುಸ್ತಕ ಮಾತ್ರ ಕೊಟ್ಟಿದ್ದರು. ಗೊಂಬೆಗಳನ್ನು ಇವರು ತರಿಸಲಿಲ್ಲ, ಮಾಡಿದರು. ಹಲ್ಲಿನ ಸೆಟ್ಟಿಗೆ ಬಳಸುವ ಮೇಣದಲ್ಲಿ ಕೆತ್ತಿ, ಅದೇ ಸೆಟ್ಟಿನ ಅಕ್ರಿಲಿಕ್ಕಿನಲ್ಲಿ ಎರಕ ಹೊಯ್ಯುತ್ತಿದ್ದರು. ಹಾಗಾಗಿ ಬಣ್ಣ ಹಚ್ಚುವ ಮೊದಲು ಅವರ ಸೈನ್ಯವೆಲ್ಲ ಒಸಡಿನ ಗುಲಾಬಿ ಬಣ್ಣದ್ದು. ನರಿ ಹೆಂಗಸಿನ ಮುಖವನ್ನು ತೃಪ್ತಿಯಾಗದೆ ಎಷ್ಟೋ ಸಲ ಕರಗಿಸಿ ಮತ್ತೆ ಕೆತ್ತಿದ್ದರು. ನಗುತ್ತಿರಬೇಕು, ಆದರೆ ನಗುವುದು ಗೊತ್ತಾಗಬಾರದು, ಅದು ಅವರ ಹಟ.

ಆಟ ಹೇಗೆಂದು ಹೇಳಿಬಿಡುತ್ತೇನೆ, ಇಲ್ಲವಾದರೆ ಮುಂದಿನದು ಅರ್ಥವಾಗುವುದಿಲ್ಲ. ಎರಡೂ ಕಡೆ ಐದಾರು ಜನ. ನಾನೊಬ್ಬನನ್ನು ನಡೆಸಿದರೆ ಅವರೊಬ್ಬನನ್ನು ನಡೆಸಬೇಕು. ಒಂದು ಸುತ್ತಿನಲ್ಲಿ ಒಬ್ಬ ಎರಡೇ ಸಲ ಕೈ ಎತ್ತಬಹುದು, ನಡೆಯಲಿಕ್ಕೋ ಹೊಡೆಯಲಿಕ್ಕೋ. ಮೊದಲ ಸಲಕ್ಕೆ ದಣಿದ, ಎರಡನೆಯದಕ್ಕೆ ಪೂರ್ತಿ ಸುಸ್ತಾದ. ಆಮೇಲೆ ಆ ಸುತ್ತು ಮುಗಿಯುವ ತನಕ ಎಂಥ ಶೂರನೂ ಕಂಬದ ಹಾಗೆ ನಿಂತಿರಬೇಕು. ಕತ್ತಿಗೆ ಕತ್ತಿ ತಾಗಿದಾಗ ಅಂಗೈ ಮರೆಯಲ್ಲಿ ದಾಳಗಳನ್ನು ಹಂಚಬೇಕು, ಇಷ್ಟು ಹೊಡೆತಕ್ಕೆ, ಇಷ್ಟು ತಡೆಯಲಿಕ್ಕೆ. ಎದುರಿನವರು ಹೇಗೆ ಹಂಚಿದ್ದಾರೆಂದು ಕೈ ತೆರೆಯುವವರೆಗೆ ಗೊತ್ತಿಲ್ಲ. ತೆರೆದ ಮೇಲೆ ಉರುಳಿಸಬೇಕು, ತಡೆಗೆ ಏನೂ ಇಡದವನಿಗೆ ಬಿದ್ದ ಏಟೆಲ್ಲ ತಾಗುತ್ತದೆ. ಕೊನೆಗೆ ಗೆಲ್ಲುವವನು ಹೆಚ್ಚು ತಲೆ ಕಡಿದವನಲ್ಲ, ದೀಪಸ್ತಂಭಗಳನ್ನು ಹಿಡಿದುಕೊಂಡವನು.

ಮೊದಲ ಭಾನುವಾರ ನಾನು ನನ್ನ ಸಮುರಾಯಿಯನ್ನು ನೇರ ನುಗ್ಗಿಸಿ ಇದ್ದಬದ್ದ ದಾಳವನ್ನೆಲ್ಲ ಹೊಡೆತಕ್ಕೆ ಹಾಕಿದೆ. ಅವರ ಕಡೆಯ ಒಬ್ಬ ಬಡಪಾಯಿ ರೈತ ಈಟಿ ಹಿಡಿದು ಎದುರಿಗಿದ್ದ. ಕೈ ತೆರೆದರು. ಅರ್ಧ ತಡೆ, ಅರ್ಧ ಹೊಡೆತ. ನನ್ನ ಸಮುರಾಯಿ ಸತ್ತ.

ಸಿಟ್ಟು ಬಂದರೆ ಅವರಿಗೆ ಮನೆಮಾತು ಬರುತ್ತಿತ್ತು, 'ನಾನು' ಹೋಗಿ 'ಆನು' ಆಗುತ್ತಿತ್ತು. "ಎಂತಕ್ಕೆ ಎಲ್ಲಾ ಹೊಡೆತಕ್ಕೆ ಹಾಕಿದೆ? ಹಂಗೆ ಹಾಕಿದವ್ರ ಹಲ್ಲು ಆನೇ ಕಟ್ಟಿಕೊಡವು ಕಡೆಗೆ! ನೀನು ಕೊಲ್ಲಲಿಕ್ಕೆ ಬಂದವಳಾ, ಗೆಲ್ಲಲಿಕ್ಕೆ ಬಂದವಳಾ?"

ನನಗೆ ಅಳು ಬಂತು. ಮೂವತ್ತೈದರ ಹೆಂಗಸು, ಟೀಚರು, ಪ್ಲಾಸ್ಟಿಕ್ಕಿನ ಮನುಷ್ಯ ಸತ್ತದ್ದಕ್ಕೆ ಅತ್ತೆ. ಅವರು ಸಮಾಧಾನ ಮಾಡಲಿಲ್ಲ. ಗೊಂಬೆ ಎತ್ತಿ ಮತ್ತೆ ಮೊದಲಿನ ಜಾಗದಲ್ಲಿಟ್ಟು, "ಇನ್ನೊಂದ್ಸಲ," ಎಂದರು.

ಇನ್ನೊಬ್ಬ ಆಟಗಾರರು ಯಲ್ಲಾಪುರದಲ್ಲಿ ಸ್ವಂತ ಲಾರಿಗಳಿದ್ದ ಲಾರಿ ಸಾಹೇಬರು. ದವಡೆಹಲ್ಲು ಮುರಿದುಕೊಂಡು ಬಂದವರು ನನ್ನ ಹಾಗೆಯೇ ಒಳಕೋಣೆ ನೋಡಿ ಸಿಕ್ಕಿಬಿದ್ದಿದ್ದರು. ಅವರಿಗೆ ಯಾವಾಗಲೂ ಓನಿಯೇ ಬೇಕು. ದೊಡ್ಡದು, ಹೊಡೆದರೆ ಒಂದೇ ಏಟು. ಡಾಕ್ಟರು ಆ ಓನಿಗೆ ಒಬ್ಬೊಬ್ಬರೇ ರೈತರನ್ನು ಅಡ್ಡ ಬಿಡುತ್ತಿದ್ದರು, ಮುಟ್ಟಿದ ಹಾಗೆ ಮಾಡಿ ಹಿಂದೆ ಸರಿಸುತ್ತಿದ್ದರು. ಓನಿ ಎರಡು ಸಲ ಗದೆ ಬೀಸಿ ಸುಸ್ತಾಗಿ ನಿಂತ ಮೇಲೆ ನರಿ ಹೆಂಗಸು ಮೆಲ್ಲಗೆ ಪಕ್ಕದಲ್ಲೇ ನಡೆದು ದೀಪ ಹಿಡಿಯುತ್ತಿದ್ದಳು.

"ಏನ್ರೀ ಡಾಕ್ಟ್ರೇ, ನನ್ನ ಪೈಲ್ವಾನನ್ನ ಹಿಂಗ ಆಡ್ಸಿ ಆಡ್ಸಿ ಕೊಂದ್ರ ಹೆಂಗ್ರಿ? ಇದು ನ್ಯಾಯ ಏನ್ರಿ, ಇನ್ಸಾಫ್ ಏನ್ರಿ?" ಎಂದು ಸಾಹೇಬರು ಹಣೆ ಚಚ್ಚಿಕೊಳ್ಳುತ್ತಿದ್ದರು.

"ಕೊಂದಿಲ್ಲ ಸಾಹೇಬ್ರೇ. ದಣಿಸಿದೆ. ದೊಡ್ಡದನ್ನ ಹೊಡಿಯಬಾರದು, ದಣಿಸಬೇಕು."

ಈ ಮಾತನ್ನು ನಾನು ಶಾಲೆಗೆ ಹೊತ್ತುಕೊಂಡು ಹೋದೆ. ನಮ್ಮಲ್ಲಿ ಆಗ ಒಬ್ಬ ಮುಖ್ಯೋಪಾಧ್ಯಾಯರಿದ್ದರು. ಸ್ಟಾಫ್ ಮೀಟಿಂಗಿನಲ್ಲಿ ನನ್ನನ್ನು ನಿಲ್ಲಿಸಿ ಕೂಗುವುದು ಅವರಿಗೆ ಊಟದಷ್ಟು ಅಗತ್ಯ. ನಾನೂ ಕೂಗುತ್ತಿದ್ದೆ, ಆಮೇಲೆ ಬಾತ್‌ರೂಮಿಗೆ ಹೋಗಿ ಅಳುತ್ತಿದ್ದೆ. ಒಂದು ಸಲ ಸುಮ್ಮನೆ ನಿಂತೆ. ಕೂಗಿದರು. ಸಣ್ಣ ಮಾತೊಂದನ್ನು ಎಸೆದೆ, ಮತ್ತೆ ಕೂಗಿದರು. ಉಸಿರು ಮುಗಿದು ನೀರಿನ ಲೋಟ ಹುಡುಕುತ್ತಿದ್ದಾಗ, ಹೆಣ್ಣುಮಕ್ಕಳ ಶೌಚಾಲಯದ ಬೀಗದ ಕೈ ನಿಮ್ಮ ಜೇಬಿನಲ್ಲೇ ಯಾಕಿರುತ್ತದೆ ಸರ್ ಎಂದು ಎಲ್ಲರೆದುರು ಕೇಳಿದೆ. ಅವತ್ತು ಸಂಜೆಯೇ ಬೀಗ ತೆಗೆದರು. ಭಾನುವಾರ ಹೋಗಿ ಡಾಕ್ಟರಿಗೆ ಹೇಳಿದರೆ ಹೊಗಳಿದರೆಂದು ತಿಳಿದಿರಾ? "ಇಷ್ಟು ದಿನ ಎಂತ ಮಾಡ್ತಾ ಇದ್ದೆ?" ಎಂದು ಬೈದರು.

ಬೈಗುಳವೇ ಅವರ ಪ್ರೀತಿ ಎಂದು ಬರೆದು ಮುಗಿಸಿಬಿಡುವುದು ಸುಲಭ. ಹಾಗೇನೂ ಇರಲಿಲ್ಲ. ಅವರಿಗೆ ನಿಜವಾಗಿಯೂ ಸಿಟ್ಟು ಬರುತ್ತಿತ್ತು, ಮತ್ತು ಆ ಸಿಟ್ಟು ಹೆಚ್ಚಿನ ಸಲ ನ್ಯಾಯವಾದದ್ದಾಗಿರುತ್ತಿತ್ತು. ಮಗುವಿನ ಹಾಲುಹಲ್ಲೆಲ್ಲ ಹುಳುಕಾಗಿ ಕರ್ರಗಾದ ಮೇಲೆ ಕರೆತರುವ ಅಪ್ಪನನ್ನು ಕಂಡರೆ ಸಿಟ್ಟು. ಗೆಲ್ಲುವ ಆಟವನ್ನು ಶೂರತನ ತೋರಿಸಲು ಹೋಗಿ ಕಳೆದುಕೊಳ್ಳುವವರನ್ನು ಕಂಡರೆ ಸಿಟ್ಟು. "ಸಾಯೋದು ಎಂತ ದೊಡ್ಡ ಕೆಲಸ? ದೀಪದ ಹತ್ರ ನಿಂತ್ಕೋ!" ಎಂದು ಮೇಜು ಗುದ್ದುತ್ತಿದ್ದರು. ಎಲ್ಲಕ್ಕಿಂತ ದೊಡ್ಡ ಸಿಟ್ಟು, ಆಟದ ಮಧ್ಯೆ ಯಾರಾದರೂ ಮೇಜಿಗೆ ಕೈ ಹಾಕಿದರೆ. ಸಾಹೇಬರ ತೋಳು ತಾಗಿ ಒಬ್ಬ ರೈತ ಬಿದ್ದದ್ದಕ್ಕೆ ಅವರೊಡನೆ ಒಂದು ಭಾನುವಾರ ಪೂರ್ತಿ ಮಾತಾಡಿರಲಿಲ್ಲ.

ಅಂಥ ಒಂದು ಆಟದ ನಡುವೆಯೇ ಅವರ ಕೈಯಿಂದ ದಾಳ ಜಾರಿತು. ಅವತ್ತು ಓನಿಯೂ ನರಿ ಹೆಂಗಸೂ ಅವರ ಕಡೆ, ಸಮುರಾಯಿಗಳು ನನ್ನ ಕಡೆ, ರೈತರು ಇಬ್ಬರಿಗೂ. ಅಪರೂಪಕ್ಕೆ ಆಟ ಸಮಸಮ ನಡೆದಿತ್ತು. ಮಧ್ಯದ ದೀಪಕ್ಕೆ ಓನಿ ಹತ್ತಿರ ಬಂದಿದ್ದ. ಡಾಕ್ಟರು ಹೊಟ್ಟೆ ಹಿಡಿದುಕೊಂಡು ಬಗ್ಗಿದರು, ಮೇಲೇಳಲಿಲ್ಲ. ತಿಂಗಳುಗಳಿಂದ ನೋವಿತ್ತಂತೆ, ಮಾತ್ರೆ ನುಂಗಿ ನುಂಗಿ ಮುಚ್ಚಿಟ್ಟಿದ್ದರು. ಇನ್ನೊಬ್ಬರ ಬಾಯಿ ನೋಡಿ ತಡವಾಗಿ ಬಂದಿರೆಂದು ಗದರುತ್ತಿದ್ದ ಡಾಕ್ಟರು! ಈ ವಿಷಯದಲ್ಲಿ ನನಗೆ ಅವರ ಮೇಲೂ ಸಿಟ್ಟಿದೆ. ಪಕ್ಕದಲ್ಲಿ ಆಟ ನೋಡುತ್ತಿದ್ದ ಸಾಹೇಬರು ತಮ್ಮ ಕಾರಿನಲ್ಲೇ ಹುಬ್ಬಳ್ಳಿಗೆ ಕರೆದೊಯ್ದರು. ಹಿಂದಿನ ಸೀಟಿನಲ್ಲಿ ಮಲಗಿಸಿದರೂ ಡಾಕ್ಟರು ಕಿಟಕಿಯಿಂದ ತಲೆ ಎತ್ತಿ ನನಗೆ ಹೇಳಿದ್ದು ಒಂದೇ ಮಾತು: "ಮೇಜು ಯಾರೂ ಮುಟ್ಟೋದಲ್ಲ. ಸರದಿ ನಂದು. ಬಂದು ಮುಗಿಸ್ತೆ."

ಡಾಕ್ಟರ ಅಣ್ಣ ನಿಲ್ಕುಂದದ ಕಡೆಯವರು. ತಂಗಿ ಆಸ್ಪತ್ರೆಯಲ್ಲಿ ಇರುವಷ್ಟು ದಿನ ಶಿರಸಿಗೆ ಬಂದು ಕ್ಲಿನಿಕ್ಕಿನ ಮೇಲಿನ ಮನೆಯಲ್ಲಿ ಉಳಿದರು. ಕೀಲಿ ಅವರ ಹತ್ತಿರ. ಒಳ್ಳೆಯ ಮನುಷ್ಯ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ತಂಗಿಯ ಹೊಟ್ಟೆಯಲ್ಲಿ ಗಡ್ಡೆ, ಅದು ಹರಡಿದೆ ಎಂದು ಹುಬ್ಬಳ್ಳಿಯವರು ಹೇಳಿದ ದಿನ ಅವರು ಊಟ ಬಿಟ್ಟರು. ಆಮೇಲೆ ನಮ್ಮ ಕಡೆಯ ಜನ ಏನು ಮಾಡುತ್ತಾರೋ ಅದನ್ನೇ ಮಾಡಿದರು. ಪ್ರಶ್ನೆ ಕೇಳಿಸಲು ಹೋದರು. ಕವಡೆ ಹಾಕಿ ನೋಡಿದವರು, ಮನೆಯೊಳಗೆ ಹೊರಗಿನ ಶಕ್ತಿ ಬಂದು ಕೂತಿದೆ, ಅದಕ್ಕೆ ರೂಪ ಇದೆಯೋ ನೋಡು ಎಂದರಂತೆ. ಅಣ್ಣ ಮನೆಗೆ ಬಂದು ಹುಡುಕಿದರು. ಹುಡುಕುವುದೇನು, ಒಳಕೋಣೆಯಲ್ಲಿ ಕೋಡು, ಬಾಲ, ಕೆಂಪು ಮುಖ ಎಲ್ಲ ಸಾಲಾಗಿ ನಿಂತಿದ್ದವು.

ಮುಂದಿನ ಭಾನುವಾರ ಮೇಜಿನ ಮೇಲೊಂದು ಬಟ್ಟೆ ಹೊದಿಸಿ ಬರೋಣವೆಂದು ನಾನು ಹೋದೆ. ಮೇಜು ಬೋಳಾಗಿತ್ತು. ಗೋಮೂತ್ರದ ವಾಸನೆ. ಮಧ್ಯದ ದೀಪಸ್ತಂಭ ಇದ್ದ ಜಾಗದಲ್ಲಿ ಎಳೆದ ರಂಗೋಲಿ, ಅದರ ಮೇಲೆ ಅರಿಶಿನ ಕುಂಕುಮ.

"ಎಲ್ಲಿ ಹೋದ್ವು?" ಎಂದೆ.

"ಹೊಳೆಗೆ ಬಿಟ್ಟಿಕ್ಕೆ ಬಂದ್ಯ ತಂಗಿ," ಎಂದರು ಅಣ್ಣ. ನನ್ನ ಮುಖ ನೋಡಿ ಅವಸರದಲ್ಲಿ ಸೇರಿಸಿದರು, "ಸುಮ್ನೆ ಒಗದ್ದಿಲ್ಲೆ. ದಾಸವಾಳ ಏರ್ಸಿ, ಆರತಿ ಮಾಡಿ, ಗಣಪತಿ ಬಿಡ್ತ್ವಲೀ, ಹಂಗೇ ಬಿಟ್ಟಿದ್ದು."

ಗಣಪತಿ ಬಿಟ್ಟ ಹಾಗೆ! ವರ್ಷಗಟ್ಟಲೆ ಮೇಣ ಕೆತ್ತಿ ಕಣ್ಣು ದಣಿಸಿಕೊಂಡ ಕೆಲಸವನ್ನು ದಾಸವಾಳ ಮುಡಿಸಿ ನೀರಿಗೆ ಬಿಟ್ಟು ಬಂದ ಮನುಷ್ಯ ನನ್ನೆದುರು ಕೈಕಟ್ಟಿ ನಿಂತಿದ್ದರು, ಮರ್ಯಾದೆಯಿಂದ ಮಾಡಿದೆನಲ್ಲ ಎಂಬ ಸಮಾಧಾನದಲ್ಲಿ. ಹೊರಗೆ ಬಂದು ಸಾಹೇಬರಿಗೆ ಫೋನು ಮಾಡಿದೆ. ಅವರು ಯಲ್ಲಾಪುರದಿಂದ ಬಂದವರೇ ಪ್ಯಾಂಟು ಮಡಚಿ ಹೊಳೆಗಿಳಿದರು. ಮಂಡಿಯುದ್ದದ ನೀರಿನಲ್ಲಿ ಕಲ್ಲುಗಳ ಸಂದಿಯೆಲ್ಲ ತಡಕಿದರು. ದಾಸವಾಳ ಸಿಕ್ಕಿತು, ಬ್ರಶ್ಶಿನ ಎಳೆಯ ಮಾಡು ಒಂದು ಸಿಕ್ಕಿತು. ಜನ ಒಬ್ಬರೂ ಸಿಗಲಿಲ್ಲ.

ಆಸ್ಪತ್ರೆಯವರು ಇನ್ನು ಮಾಡುವುದೇನಿಲ್ಲವೆಂದು ಡಾಕ್ಟರನ್ನು ಮನೆಗೆ ಕಳಿಸಿದರು. ಸಾಹೇಬರೂ ನಾನೂ ನೋಡಲು ಹೋದೆವು. ಹಾಸಿಗೆಯಲ್ಲಿ ಅರ್ಧ ಡಾಕ್ಟರು ಮಾತ್ರ ಉಳಿದಿದ್ದರು. ಗೊಂಬೆಗಳ ವಿಷಯ ನಾನೇ ಹೇಳಿದೆ. ಮುಚ್ಚಿಡಿ ಎಂದು ಅಣ್ಣ ಕಣ್ಣಿನಲ್ಲೇ ಬೇಡಿಕೊಂಡರು, ನಾನು ಕೇಳಲಿಲ್ಲ.

ಡಾಕ್ಟರು ಅಣ್ಣನ ಕಡೆ ತಿರುಗಿದರು.

"ಅಣ್ಣಾ, ನೀನು ಯಕ್ಷಗಾನದ ಆಟ ನೋಡಲೆ ಹೋಗ್ತೆ ಅಲ್ದಾ? ಮಹಿಷಾಸುರ ರಂಗಸ್ಥಳಕ್ಕೆ ಬಂದು ಕುಣೀತಾ ಇರಕಾದ್ರೆ, ರಾಕ್ಷಸ ಹೇಳಿ ನೀನು ಹೋಗಿ ಅವನ ಕೋಡು ಕಿತ್ತು ಹೊಳೆಗೆ ಹಾಕ್ತ್ಯಾ?"

ಅಣ್ಣ ತಲೆ ತಗ್ಗಿಸಿದರು. ಯೋಚಿಸಿದರು. ಪ್ರಾಮಾಣಿಕವಾಗಿಯೇ ಉತ್ತರ ಕೊಟ್ಟರು: "ಮಹಿಷಾಸುರ ನಮ್ಮವ, ತಂಗಿ."

ಆ ಮಾತಿಗೆ ಡಾಕ್ಟರಿಗೆ ಬಂದ ಸಿಟ್ಟನ್ನು ನಾನು ಅದಕ್ಕಿಂತ ಮೊದಲು ಕಂಡಿರಲಿಲ್ಲ. ಎದ್ದು ಕೂತರು. ಹೇಗೆ ಕೂತರೋ ದೇವರಿಗೇ ಗೊತ್ತು. "ಗೊಂಬೆ ಹೋದ್ರೆ ಹೋತು. ಆಟದ ಮಧ್ಯ ಮೇಜು ಮುಟ್ಟಿದ್ದೆ ನೀನು! ನಂದು ಸರದಿ ಇತ್ತು!" ಎಂದು ಕೂಗಿದರು. ಅಣ್ಣ ಕಣ್ಣೊರೆಸಿಕೊಂಡು ಹೊರಗೆ ಹೋದರು. ನನಗೆ ಕನಿಕರ ಬರಲಿಲ್ಲ.

"ಕೆಳಗಡೆ ಕಪಾಟಿಂದ ಹಲ್ಲಿನ ಡಬ್ಬಿ ತಗಂಬಾ," ಎಂದರು ನನಗೆ.

ಸೆಟ್ಟು ಕಟ್ಟಲು ತರಿಸಿದ ಬಿಡಿ ಹಲ್ಲುಗಳ ಡಬ್ಬಿ ಅದು. ಹಾಸಿಗೆಯ ಪಕ್ಕ ಸ್ಟೂಲು ಎಳೆದು ಅದರ ಮೇಲೆ ದೊಡ್ಡ ತಟ್ಟೆ ಮಗುಚಿಟ್ಟು, ಮೂರು ಔಷಧದ ಬಾಟಲಿಯ ಮುಚ್ಚಳಗಳನ್ನು ದೀಪಸ್ತಂಭ ಮಾಡಿದೆವು. ದೊಡ್ಡ ದವಡೆಹಲ್ಲು ಓನಿ. ಕೋರೆಹಲ್ಲುಗಳು ನನ್ನ ಸಮುರಾಯಿಗಳು. ಸಣ್ಣ ಮುಂಬಲ್ಲುಗಳು ರೈತರು. ನರಿ ಹೆಂಗಸಿಗೆ ಮಾತ್ರ ಡಬ್ಬಿಯಲ್ಲೆಲ್ಲ ಕೆದಕಿ, ಅಂಚು ಚೂರು ಓರೆಯಾದ ಒಂದನ್ನು ಅವರೇ ಆರಿಸಿದರು. ಯಾರು ಎಲ್ಲಿದ್ದರು ಎಂಬುದಕ್ಕೆ ಮೂವರೂ ಜಗಳಾಡಿದೆವು. "ಓನಿ ಅಲ್ಲಿರ್ಲಿಲ್ರಿ ಡಾಕ್ಟ್ರೇ, ಗುಡ್ಡದ ಈ ಕಡೆ ಇತ್ರಿ," ಎಂದು ಸಾಹೇಬರು, "ನಿಮ್ಮ ಲಾರಿ ಎಲ್ಲಿದ್ದು ಹೇಳಿ ನಿಮಗೆ ಗೊತ್ತಿಲ್ಲೆ, ನನ್ನ ಓನಿ ಗೊತ್ತಿದ್ದಾ?" ಎಂದು ಅವರು. ಜಗಳದಲ್ಲಿ ಅವರ ಮುಖಕ್ಕೆ ಬಣ್ಣ ಬಂತು.

ಆಟ ಶುರುವಾಯಿತು. ಓನಿ ನನ್ನ ಸಮುರಾಯಿಗೆ ತಾಗಿದ. ಅಂಗೈ ಮರೆಯಲ್ಲಿ ದಾಳ ಹಿಡಿದೆ. ಎದುರಿಗೆ ಆ ಸಣಕಲು ಮಣಿಕಟ್ಟು, ಅದರಲ್ಲಿ ಸೂಜಿಯ ಪಟ್ಟಿ. ಇದೊಂದು ಅವರು ಗೆದ್ದುಕೊಳ್ಳಲಿ ಅನ್ನಿಸಿತು. ಎಲ್ಲ ದಾಳವನ್ನೂ ಹೊಡೆತಕ್ಕೆ ಹಾಕಿ ಕೈ ತೆರೆದೆ.

ಅವರು ದಾಳ ನೋಡಲಿಲ್ಲ, ನನ್ನ ಮುಖ ನೋಡಿದರು.

"ವಾಪಸ್ ತಗ," ಎಂದರು. "ಗೆಲುವು ಭಿಕ್ಷೆ ಹಾಕ್ತ್ಯಾ ನಂಗೆ? ಎಲ್ಲರೂ ಬರ್ತ, ಗಂಜಿ ಕುಡಿ ಹೇಳ್ತ, ಕಣ್ಣು ಮುಚ್ಚಿ ಮನಿಕ್ಯ ಹೇಳ್ತ. ನೀನೊಬ್ಳಾದ್ರೂ ಸರಿಯಾಗಿ ಆಡ್ತೆ ಹೇಳಿ ಎಣಿಸಿದ್ದೆ. ಆಡದಿದ್ರೆ ಎದ್ದು ಹೋಗು. ಬಸ್ಸಿದ್ದು."

ಕೆನ್ನೆಗೆ ಹೊಡೆದ ಹಾಗಾಯಿತು. ನನಗೂ ಸಿಟ್ಟು ಬಂತು. ಅವರ ಮೇಲೆ, ಅಣ್ಣನ ಮೇಲೆ, ಕವಡೆ ಹಾಕಿದವನ ಮೇಲೆ, ಆ ಗಡ್ಡೆಯ ಮೇಲೆ. ದಾಳ ವಾಪಸ್ ತೆಗೆದು ಅರ್ಧ ತಡೆಗೆ ಹಾಕಿದೆ. ಆಮೇಲೆ ಅವರು ಕಲಿಸಿದ್ದನ್ನೆಲ್ಲ ಅವರ ಮೇಲೆಯೇ ಬಿಟ್ಟೆ. ಮುಂದಿನ ಸುತ್ತಿನಲ್ಲಿ ಒಬ್ಬ ರೈತನನ್ನು ಓನಿಯೆದುರು ನಿಲ್ಲಿಸಿ ಹಿಂದೆಗೆದೆ. ಓನಿ ಗದೆ ಬೀಸಿದ. ಇನ್ನೊಬ್ಬನನ್ನು ನಿಲ್ಲಿಸಿದೆ. ಓನಿ ಸುಸ್ತಾದ. ನರಿ ಹೆಂಗಸು ಎಡಗಡೆಯಿಂದ ಬರುವಳೆಂದು ನನಗೆ ಗೊತ್ತಿತ್ತು, ಅಲ್ಲೊಬ್ಬ ಸಮುರಾಯಿಯನ್ನು ಕೈ ಎತ್ತದೆ ಉಳಿಸಿಕೊಂಡಿದ್ದೆ. ಕೊನೆಗೆ ನಡುವಿನ ಮುಚ್ಚಳದ ಪಕ್ಕ ನಿಂತದ್ದು ನನ್ನ ಒಂದು ಸಣ್ಣ ಮುಂಬಲ್ಲು. ಅಷ್ಟು ವರ್ಷಗಳಲ್ಲಿ ನಾನು ಅವರನ್ನು ಸೋಲಿಸಿದ್ದು ಅದೊಂದೇ ಸಲ.

ಅವರು ಮುಗುಳ್ನಕ್ಕು ಆಶೀರ್ವಾದ ಮಾಡಿದರೆಂದು ಯಾರೂ ಎಣಿಸಬೇಡಿ. ಕೆಂಡಾಮಂಡಲವಾದರು. ಎಡಗಡೆ ಬಂದದ್ದು ತಪ್ಪು, ಓನಿಯನ್ನು ಎರಡನೆಯ ಸಲ ತಡೆದು ಹಿಡಿಯಬೇಕಿತ್ತು ಎಂದು ತಮ್ಮನ್ನು ತಾವೇ ಬೈದುಕೊಂಡರು. ಸಾಹೇಬರು ಖುಷಿಯಿಂದ ಚಪ್ಪಾಳೆ ತಟ್ಟಿದ್ದಕ್ಕೆ ಅವರಿಗೂ ಬಿತ್ತು. ನಾವು ಹೊರಡುವಾಗ ತಟ್ಟೆಯ ಮೇಲಿನ ಹಲ್ಲುಗಳನ್ನು ತೆಗೆಯಲು ಬಿಡಲಿಲ್ಲ. "ಬಪ್ಪ ಭಾನುವಾರ ಬನ್ನಿ ಇಬ್ರೂ. ಇದನ್ನ ಹಿಂಗೇ ಬಿಡ್ತಿಲ್ಲೆ ಆನು," ಎಂದರು. ಆ ಭಾನುವಾರದ ಮೊದಲೇ ಹೋದರು.

ಹನ್ನೆರಡರ ಕಾರ್ಯ ಕಳೆದು ವೈಕುಂಠ ಸಮಾರಾಧನೆಯ ಊಟ. ನಿಲ್ಕುಂದದ ಅವರ ಮನೆಯೆದುರು ಚಪ್ಪರದಡಿ ಸಾಲು ಎಲೆ ಹಾಕಿದ್ದರು. ಅಣ್ಣ ಕೈಯಲ್ಲಿ ಪಾಯಸದ ಸೌಟು ಹಿಡಿದು ಬಡಿಸುತ್ತ ನನ್ನ ಪಕ್ಕದವರಿಗೆ ಹೇಳುತ್ತಿದ್ದರು: "ಆ ಗೊಂಬೆಗಳು ಹೋದ್ಮೇಲೆ ತಂಗಿಗೆ ಬಿಡುಗಡೆ ಆತು. ಕಡೇಲಿ ಶಾಂತವಾಗಿ ಹೋತು."

ಪಂಕ್ತಿಯ ನಡುವೆ ಎಲೆ ಬಿಟ್ಟು ಏಳುವುದು ಎಂಥ ಅಪಚಾರವೆಂದು ನನಗೆ ಗೊತ್ತು. ಎದ್ದೆ. ಅನ್ನ ಹತ್ತಿದ ಕೈಯಲ್ಲೇ ನಿಂತು ಇಡೀ ಚಪ್ಪರಕ್ಕೆ ಕೇಳುವ ಹಾಗೆ ಹೇಳಿದೆ:

"ಸುಳ್ಳು. ಅವರು ಶಾಂತವಾಗಿ ಹೋಗಲಿಲ್ಲ. ಆಟ ಸೋತು, ಸಿಟ್ಟು ಮಾಡಿಕೊಂಡು, ಮುಂದಿನ ಆಟಕ್ಕೆ ಲೆಕ್ಕ ಹಾಕುತ್ತ ಹೋದರು. ಆ ಕೊನೆಯ ಆಟದಲ್ಲಿ ನಾನು ಎದುರಿಗಿದ್ದೆ. ಅವರ ಸಿಟ್ಟನ್ನಾದರೂ ಅವರಿಗೆ ಬಿಡಿ."

ಅಣ್ಣನ ಸೌಟಿನಿಂದ ಪಾಯಸ ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಅವರು ಕೇಳಿದರು, ಮಗುವಿನ ಹಾಗೆ, "ಹಂಗಾರೆ ಆಟ ಮುಗದ್ದಾ? ಯಾರು ಗೆದ್ದದ್ದು?"

"ನಾನು," ಎಂದೆ. "ಅವರು ಬಿಟ್ಟುಕೊಟ್ಟದ್ದಲ್ಲ. ನಾನೇ ಗೆದ್ದದ್ದು."

ಅಷ್ಟು ಹೇಳುವಾಗ ಅಳು ಬಂತು, ಕೈ ತೊಳೆಯಲು ಹೊರಗೆ ಹೋದೆ. ಅಣ್ಣ ಆಮೇಲೆ ಎರಡು ಮೂರು ಸಲ ಫೋನು ಮಾಡಿದರು, ನಾನು ಎತ್ತಲಿಲ್ಲ. ಆ ಸಿಟ್ಟು ಇನ್ನೂ ಇಳಿದಿಲ್ಲ, ಇಳಿಸಿಕೊಳ್ಳುವ ಮನಸ್ಸೂ ನನಗಿಲ್ಲ.